ಪ್ರಾದೇಶಿಕ ಹೆದ್ದಾರಿಗಳ ಯೋಜನೆ: ದೇವನಕೊಂಡ ಸೀಮೆ

ದೇವನಕೊಂಡವು ಆಂಧ್ರಪ್ರದೇಶದ ಕರ್ನೂಲು ಜಿಲ್ಲೆಯ ಪಶ್ಚಿಮಾರ್ಧದಲ್ಲಿರುವ ಒಂದು ಮಂಡಲದ ಕೇಂದ್ರಗ್ರಾಮ. ಕರ್ನೂಲು ನಗರದಿಂದ ನೈಋತ್ಯಕ್ಕೆ ಸುಮಾರು 60 ಕಿಲೋಮೀಟರ್ ದೂರದಲ್ಲಿರುವ ಈ ಊರಿಗೆ ಪಶ್ಚಿಮದಲ್ಲಿ ಆದವಾನಿ, ಉತ್ತರದಲ್ಲಿ ಎಮ್ಮಿಗನೂರು, ದಕ್ಷಿಣದಲ್ಲಿ ಪತ್ತಿಕೊಂಡ, ಅದರಾಚೆಗೆ ಗುಂತಕಲ್ಲು ಇವೆ. ಕರ್ನೂಲಿನಿಂದ ಬಳ್ಳಾರಿಗೆ ನೆಲಪಟದ ಮೇಲೆ ಒಂದು ಗೆರೆಯನ್ನೆಳೆದರೆ ಆ ಗೆರೆಯ ನಡುಭಾಗಕ್ಕೆ ಸಮೀಪವಾಗಿ ದೇವನಕೊಂಡ ಬೀಳುತ್ತದೆ. ನಗರಗಳು ತಮ್ಮ ಎಲ್ಲೆಯನ್ನು ಮೀರಿ ಹಬ್ಬುವಾಗ ಅವುಗಳ ಹೊರವಲಯವನ್ನೂ ಸುತ್ತಲಿನ ಸಣ್ಣ ಪೇಟೆಗಳನ್ನೂ ಒಂದಕ್ಕೊಂದು ಕೂಡಿಸುವ ಉದ್ದೇಶದಿಂದ ರೂಪಿಸತಕ್ಕ ದೀರ್ಘಮಾರ್ಗಗಳಿಗೆ ಪ್ರಾದೇಶಿಕ ಹೆದ್ದಾರಿ ಅಥವಾ ಕಾರಿಡಾರು ಎಂದು ಹೆಸರು. ಇಂಥ ಮಾರ್ಗಗಳು ಒಂದು ಸೀಮೆಯ ಅಂಚುಗಳಲ್ಲಿ ಹಾದುಹೋಗಿ ನಡುವಣ ನೆಲವನ್ನು ಹೇಗೆ ಬಿಟ್ಟುಬಿಡಬಲ್ಲವು, ಬಿಟ್ಟ ನೆಲವನ್ನು ಸೇರಿಸಿಕೊಳ್ಳುವ ಬಗೆ ಯಾವುದು ಎಂಬುದನ್ನು ತಿಳಿಯಲು ದೇವನಕೊಂಡ ಸೀಮೆ ತಕ್ಕ ನಿದರ್ಶನವಾಗಿದೆ.

ನೆಲದ ಸ್ವರೂಪ

ಈ ಸೀಮೆ ರಾಯಲಸೀಮೆಯ ಮಳೆ ಕಡಿಮೆಯಾದ ಬಯಲು. ಆದವಾನಿ, ಆಲೂರು ಕಡೆಯದು ಬಹುಮಟ್ಟಿಗೆ ಎರೆಭೂಮಿ. ಪತ್ತಿಕೊಂಡ, ದೇವನಕೊಂಡಗಳ ಕಡೆ ಕೆಂಪು ಮಸಾರಿ ನೆಲ ಹೆಚ್ಚು. ಅಲ್ಲಲ್ಲಿ ಬೋಳುಗುಡ್ಡಗಳು, ಅವುಗಳ ಬುಡದಿಂದ ಹೊರಟು ಹಂದ್ರಿ ನದಿಯನ್ನೋ ತುಂಗಭದ್ರೆಯನ್ನೋ ಸೇರುವ ಹಳ್ಳಗಳು. ಬೇಸಗೆಯಲ್ಲಿ ಬಾಯಿಬಿಟ್ಟು ಮಳೆಗಾಲದಲ್ಲಿ ಉಬ್ಬುವ ಎರೆಮಣ್ಣಿನ ಗುಣ ರಸ್ತೆ ಕಟ್ಟುವವನಿಗೆ ಮೊದಲನೆಯ ಶತ್ರು. ಅದರ ಮೇಲೆ ನೇರವಾಗಿ ಜಲ್ಲಿ ಹಾಸಿ ಡಾಂಬರು ಸುರಿದರೆ ಎರಡು ಮಳೆಗಾಲಗಳಲ್ಲಿ ರಸ್ತೆ ಅಲೆಯಲೆಯಾಗಿ ಕುಸಿಯುತ್ತದೆ. ಆದುದರಿಂದ ಮೇಲುಮಣ್ಣನ್ನು ತೆಗೆದು ಗರಸು ತುಂಬುವುದು, ಸುಣ್ಣ ಬೆರೆಸಿ ಮಣ್ಣನ್ನು ಗಟ್ಟಿಗೊಳಿಸುವುದು, ಏರಿಯ ಎರಡು ಬದಿಗಳಲ್ಲೂ ನೀರು ನಿಲ್ಲದಂತೆ ಕಾಲುವೆ ತೋಡುವುದು ಇಲ್ಲಿ ಅನಿವಾರ್ಯ. ವರ್ಷದ ಬಹುಕಾಲ ಒಣಗಿರುವ ಹಳ್ಳಗಳು ಒಂದೇ ರಾತ್ರಿಯ ಮಳೆಗೆ ದಡ ಮೀರುವುದರಿಂದ ಸೇತುವೆಗಳ ಅಗಲವನ್ನು ನಿತ್ಯದ ನೀರನ್ನು ನೋಡಿ ನಿಶ್ಚಯಿಸದೆ ಅಪರೂಪದ ಪ್ರವಾಹವನ್ನು ನೋಡಿ ನಿಶ್ಚಯಿಸಬೇಕಾಗುತ್ತದೆ.

ಹತ್ತಿ, ಕಡಲೆಕಾಯಿ, ಈರುಳ್ಳಿ, ಟೊಮ್ಯಾಟೊ ಇಲ್ಲಿನ ಮುಖ್ಯ ಬೆಳೆಗಳು. ಹತ್ತಿಗೆ ಆದವಾನಿಯ ಮಾರುಕಟ್ಟೆ, ಟೊಮ್ಯಾಟೊಗೆ ಪತ್ತಿಕೊಂಡದ ಮಾರುಕಟ್ಟೆ ಹೆಸರಾದವು. ಹತ್ತಿಯನ್ನು ಮನೆಯಲ್ಲಿ ಕಾದಿರಿಸಿ ಬೆಲೆ ಬಂದಾಗ ಮಾರಬಹುದು, ಟೊಮ್ಯಾಟೊ ಕಾಯುವುದಿಲ್ಲ. ಬೆಲೆ ಕುಸಿದ ದಿನ ಬುಟ್ಟಿಗಟ್ಟಲೆ ಹಣ್ಣನ್ನು ರಸ್ತೆಯ ಬದಿಗೆ ಸುರಿದು ಬರಿಗೈಯಲ್ಲಿ ಹಿಂದಿರುಗುವ ರೈತನಿಗೆ ಇನ್ನೊಂದು ಮಾರುಕಟ್ಟೆಯನ್ನು ಅದೇ ದಿನ ತಲಪಲು ಸಾಧ್ಯವೇ ಎಂಬುದು ರಸ್ತೆಯ ಪ್ರಶ್ನೆಯೂ ಹೌದು. ಮಳೆ ಕೈಕೊಟ್ಟ ವರ್ಷ ಕೋಸಿಗಿ, ಆದವಾನಿ, ದೇವನಕೊಂಡಗಳ ಕಡೆಯ ಕುಟುಂಬಗಳು ಗುಂಟೂರಿನ ಮೆಣಸಿನಕಾಯಿ ಹೊಲಗಳಿಗೂ ತೆಲಂಗಾಣದ ಹತ್ತಿ ಹೊಲಗಳಿಗೂ ಗುಳೆ ಹೋಗುವುದು ಈ ಸೀಮೆಯ ಹಳೆಯ ಸಂಕಟ.

ಪೂರ್ವೇತಿಹಾಸ

ಈ ಬಯಲಿನಲ್ಲಿ ಮಾರ್ಗಗಳಿಗೆ ಪ್ರಾಚೀನತೆಯುಂಟು. ಗುತ್ತಿಯಿಂದ ಪತ್ತಿಕೊಂಡಕ್ಕೆ ಹೋಗುವ ದಾರಿಯಲ್ಲಿರುವ ಎರ್ರಗುಡಿಯಲ್ಲಿಯೂ ಪತ್ತಿಕೊಂಡದ ಸಮೀಪದ ರಾಜುಲಮಂಡಗಿರಿಯಲ್ಲಿಯೂ ಅಶೋಕನ ಶಾಸನಗಳು ದೊರೆತಿವೆ. ಪಶ್ಚಿಮಕ್ಕೆ ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉಡೇಗೋಳ, ವಾಯವ್ಯಕ್ಕೆ ರಾಯಚೂರು ಜಿಲ್ಲೆಯ ಮಸ್ಕಿ, ಇನ್ನೂ ಆಚೆಗೆ ಕೊಪ್ಪಳ ಇವುಗಳನ್ನು ಜೊತೆಗಿಟ್ಟು ನೋಡಿದರೆ, ಜನಸಂಚಾರವಿದ್ದ ದಾರಿಗಳ ಬದಿಯ ಬಂಡೆಗಳನ್ನೇ ಅರಸನ ಅಧಿಕಾರಿಗಳು ಆರಿಸಿಕೊಂಡಿರಬೇಕೆಂದು ಊಹಿಸುವುದು ಅಸಂಗತವಾಗಲಾರದು. ತುಗ್ಗಲಿ ಮಂಡಲದ ಜೊನ್ನಗಿರಿಯೇ ಶಾಸನೋಕ್ತವಾದ ಸುವರ್ಣಗಿರಿಯೆಂದು ಕೆಲವು ವಿದ್ವಾಂಸರ ಮತ.

ಮಧ್ಯಯುಗದಲ್ಲಿ ಆದವಾನಿಯ ಕೋಟೆ ತುಂಗಭದ್ರೆಯ ದಕ್ಷಿಣದ ಬಯಲಿಗೆ ಬೀಗದಂತಿತ್ತು. ವಿಜಯನಗರ, ಬಿಜಾಪುರ, ಮೊಗಲರು, ನಿಜಾಮರು ಒಬ್ಬರ ತರುವಾಯ ಒಬ್ಬರು ಅದನ್ನು ಹಿಡಿದರು, 1786ರಲ್ಲಿ ಟಿಪ್ಪು ಸುಲ್ತಾನನು ಅದನ್ನು ವಶಪಡಿಸಿಕೊಂಡನು. ಆ ಕಾಲದ ದಾರಿಗಳು ದಂಡಿನ ದಾರಿಗಳು. ಕೋಟೆಯಿಂದ ಕೋಟೆಗೆ ಹೋಗುವುದಷ್ಟೇ ಅವುಗಳ ಗುರಿ. 1800ರಲ್ಲಿ ನಿಜಾಮನು ಈ ಸೀಮೆಯನ್ನು ಈಸ್ಟ್ ಇಂಡಿಯಾ ಕುಂಪಣಿಗೆ ಬಿಟ್ಟುಕೊಟ್ಟ ಮೇಲೆ ದತ್ತಮಂಡಲಗಳ, ಎಂದರೆ ಹೀಗೆ ಬಿಟ್ಟುಕೊಟ್ಟ ಸೀಮೆಗಳ, ಪ್ರಧಾನ ಕಲೆಕ್ಟರನಾಗಿ ಬಂದ ಥಾಮಸ್ ಮನ್ರೋ 1807ರ ವರೆಗೆ ಇಲ್ಲಿ ಊರೂರು ತಿರುಗಿ ರೈತವಾರಿ ಕಂದಾಯವನ್ನು ನೆಲೆಗೊಳಿಸಿದನು. ಮುಂದೆ ಮದರಾಸಿನ ಗವರ್ನರನಾಗಿ ಅದೇ ಸೀಮೆಯ ಸಂಚಾರಕ್ಕೆ ಮರಳಿದಾಗ 1827ರ ಜುಲೈ 6ರಂದು ಪತ್ತಿಕೊಂಡದಲ್ಲಿ ವಾಂತಿಭೇದಿಯಿಂದ ತೀರಿಕೊಂಡನು. ಪತ್ತಿಕೊಂಡ ತಾಲ್ಲೂಕು 1858ರಲ್ಲಿ ಬಳ್ಳಾರಿಯಿಂದ ಕರ್ನೂಲು ಜಿಲ್ಲೆಗೆ ಸೇರಿತು. ಆದವಾನಿ, ಆಲೂರುಗಳು ಬಳ್ಳಾರಿಯಲ್ಲೇ ಉಳಿದುವು.

ಮದರಾಸು ರೈಲ್ವೆಯ ವಾಯವ್ಯ ಹಾದಿ ಗುತ್ತಿ, ಗುಂತಕಲ್ಲು, ಆಸ್ಪರಿ, ಆದವಾನಿಗಳನ್ನು ಹಾದು 1871ರಲ್ಲಿ ರಾಯಚೂರಿನಲ್ಲಿ ಬೊಂಬಾಯಿ ಕಡೆಯ ಹಳಿಯನ್ನು ಕೂಡಿಕೊಂಡಿತು. ಅಲ್ಲಿಂದ ಮುಂದೆ ಎತ್ತಿನ ಗಾಡಿಗಳ ದಿಕ್ಕು ಬದಲಾಯಿತು. ಹಳ್ಳಿಯಿಂದ ಹೊರಟ ಹತ್ತಿ ದೂರದ ಪೇಟೆಯನ್ನು ಅರಸದೆ ಹತ್ತಿರದ ಸ್ಟೇಷನ್ನನ್ನು ಅರಸಿತು, ರಸ್ತೆಗಳು ರೈಲಿಗೆ ಉಣಿಸುವ ಕವಲುಗಳಾದುವು. 1876ರಿಂದ 78ರ ವರೆಗೆ ಧಾತು, ಈಶ್ವರ ಸಂವತ್ಸರಗಳ ಮಹಾಕ್ಷಾಮ ಬಂದಾಗ ಹಸಿದ ಜನಕ್ಕೆ ಕೂಲಿ ಕೊಡುವ ಸಲುವಾಗಿ ಸರಕಾರ ತೆರೆದ ಕಾಮಗಾರಿಗಳಲ್ಲಿ ರಸ್ತೆಯ ಕೆಲಸವೂ ಸೇರಿತ್ತು; ಮಣ್ಣು ಹೊತ್ತು ಜಲ್ಲಿ ಕುಟ್ಟಿದವರ ಬವಣೆ ಆ ಏರಿಗಳಲ್ಲಿ ಹುದುಗಿದೆ.

1953ರ ವಿಂಗಡಣೆ ಮತ್ತು ದಿಕ್ಕಿನ ಪಲ್ಲಟ

1953ರ ಅಕ್ಟೋಬರ್ 1ರಂದು ಆಂಧ್ರರಾಜ್ಯ ಉದಯಿಸಿದಾಗ ಬಳ್ಳಾರಿ ಜಿಲ್ಲೆ ಒಡೆಯಿತು. ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೂ, ಬಳ್ಳಾರಿಯೇ ಮೊದಲಾದ ಉಳಿದ ತಾಲ್ಲೂಕುಗಳು ಮೈಸೂರಿಗೂ ಸೇರಿದುವು. ಈ ವಿಂಗಡಣೆಯ ಭಾಷಾವಿಚಾರವನ್ನು ಕುರಿತು ಬಹಳ ಚರ್ಚೆ ನಡೆದಿದೆ. ಮಾರ್ಗವಿಚಾರವನ್ನು ಕುರಿತು ಅಷ್ಟಾಗಿ ನಡೆದಿಲ್ಲ. ಅಂದಿನ ವರೆಗೆ ಕಚೇರಿ, ನ್ಯಾಯಾಲಯ, ಆಸ್ಪತ್ರೆಗಳಿಗೆ ಬಳ್ಳಾರಿಯ ಕಡೆಗೆ ಮುಖಮಾಡಿದ್ದ ಆಲೂರು, ಆದವಾನಿಗಳ ಜನ ಒಂದೇ ದಿನದಲ್ಲಿ ಕರ್ನೂಲಿನ ಕಡೆಗೆ ತಿರುಗಬೇಕಾಯಿತು. ಆದರೆ ನಂಟಸ್ತಿಕೆ, ವ್ಯಾಪಾರ, ಜಾತ್ರೆಗಳ ದಿಕ್ಕು ಸರಕಾರಿ ಆಜ್ಞೆಯಿಂದ ತಿರುಗತಕ್ಕುದಲ್ಲ. ಹೊಳಗುಂದ, ಹಾಲಹರ್ವಿ, ಕೌತಾಳಂ ಕಡೆಯ ಹಳ್ಳಿಗಳಲ್ಲಿ ಇಂದಿಗೂ ಕನ್ನಡ ಮನೆಮಾತು. ಗಡಿಯ ಮಂಡಲಗಳಲ್ಲಿ ಕನ್ನಡ ಮಾಧ್ಯಮದ ಶಾಲೆಗಳಿವೆ. ಶ್ರಾವಣದಲ್ಲಿ ಉರುಕುಂದಿ ಈರಣ್ಣನ ಸನ್ನಿಧಿಗೂ ವರ್ಷವಿಡೀ ಮಂತ್ರಾಲಯದ ರಾಯರ ಬೃಂದಾವನಕ್ಕೂ ಗಡಿಯ ಎರಡು ಕಡೆಗಳಿಂದಲೂ ಜನ ಹರಿದುಬರುತ್ತಾರೆ.

ಹೀಗಿದ್ದರೂ ಎರಡು ರಾಜ್ಯಗಳ ಲೋಕೋಪಯೋಗಿ ಇಲಾಖೆಗಳಿಗೆ ಗಡಿಯ ರಸ್ತೆ ಎಂದರೆ ತಮ್ಮ ರಸ್ತೆಯ ಕೊನೆ; ಎರಡು ಕೊನೆಗಳು ಸೇರಿದಲ್ಲಿ ಒಂದು ನಡು ಹುಟ್ಟುತ್ತದೆಂಬ ಭಾವನೆ ಯೋಜನಾಪತ್ರಗಳಲ್ಲಿ ಮೂಡುವುದು ನಿಧಾನ. ಕರ್ನೂಲು 1953ರಿಂದ 1956ರ ವರೆಗೆ ಆಂಧ್ರದ ರಾಜಧಾನಿಯಾಗಿತ್ತು. ಅನಂತರ ಹೈದರಾಬಾದು ರಾಜಧಾನಿಯಾಗಲು, ಹೈದರಾಬಾದು, ಕರ್ನೂಲು, ಬೆಂಗಳೂರುಗಳನ್ನು ಕೂಡಿಸುವ ಉತ್ತರದಕ್ಷಿಣದ ಮಾರ್ಗವೇ ಪ್ರಧಾನವಾಗಿ, ಬಳ್ಳಾರಿ, ಆದವಾನಿ, ಕರ್ನೂಲುಗಳ ಪೂರ್ವಪಶ್ಚಿಮದ ಸಂಬಂಧ ಹಿಂದೆ ಸರಿಯಿತು. ಈ ಸೀಮೆಯ ಬಾಳು ಅಡ್ಡಲಾಗಿ ಹರಿಯುತ್ತಿದ್ದರೆ ಹೆದ್ದಾರಿಯ ಹಣ ಉದ್ದಕ್ಕೆ ಹರಿಯಿತು.

ರಾಷ್ಟ್ರೀಯ ಯೋಜನೆಗಳ ಪರಂಪರೆ

ಭಾರತದಲ್ಲಿ ರಸ್ತೆಗಳ ಕ್ರಮಬದ್ಧ ಚಿಂತನೆ 1927ರಲ್ಲಿ ನೇಮಕವಾದ ಜಯಕರ್ ಸಮಿತಿಯಿಂದ ಮೊದಲಾಗುತ್ತದೆ. ಅದರ ಫಲವಾಗಿ 1929ರಲ್ಲಿ ಕೇಂದ್ರ ರಸ್ತೆ ನಿಧಿಯೂ 1934ರಲ್ಲಿ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಎಂಬ ತಜ್ಞಸಂಸ್ಥೆಯೂ ಹುಟ್ಟಿದುವು. 1943ರ ನಾಗಪುರ ಯೋಜನೆ ರಸ್ತೆಗಳನ್ನು ರಾಷ್ಟ್ರೀಯ ಹೆದ್ದಾರಿ, ರಾಜ್ಯ ಹೆದ್ದಾರಿ, ಜಿಲ್ಲಾ ರಸ್ತೆ, ಗ್ರಾಮ ರಸ್ತೆಗಳೆಂದು ವಿಂಗಡಿಸಿ, ನಗರಗಳಿಂದ ನಕ್ಷತ್ರದ ಕಿರಣಗಳಂತೆ ಹೊರಡುವ ಮಾರ್ಗಗಳನ್ನೂ ಅವುಗಳನ್ನು ಅಡ್ಡಗಟ್ಟುವ ಜಾಲವನ್ನೂ ಒಟ್ಟಿಗೆ ಕಲ್ಪಿಸಿತು. ಕೃಷಿ ಬೆಳೆದ ಪ್ರದೇಶದಲ್ಲಿ ಯಾವ ಹಳ್ಳಿಯೂ ಮುಖ್ಯರಸ್ತೆಯಿಂದ 5 ಮೈಲಿಗಿಂತ ದೂರವಿರಬಾರದೆಂಬುದು ಅದರ ಆಶಯವಾಗಿತ್ತು. 1961ರ ಬೊಂಬಾಯಿ ಯೋಜನೆ ಪ್ರತಿ 100 ಚದರ ಕಿಲೋಮೀಟರಿಗೆ 32 ಕಿಲೋಮೀಟರ್ ರಸ್ತೆಯನ್ನು ಗುರಿಯಾಗಿ ಇಟ್ಟಿತು. 1956ರ ರಾಷ್ಟ್ರೀಯ ಹೆದ್ದಾರಿ ಅಧಿನಿಯಮ, 1988ರ ಹೆದ್ದಾರಿ ಪ್ರಾಧಿಕಾರದ ಅಧಿನಿಯಮಗಳಿಂದ ಕೇಂದ್ರದ ಕೈ ಬಲವಾಯಿತು. ಸುಮಾರು 5,846 ಕಿಲೋಮೀಟರಿನ ಸುವರ್ಣ ಚತುಷ್ಕೋನವೂ ಉತ್ತರದಕ್ಷಿಣ, ಪೂರ್ವಪಶ್ಚಿಮ ಕಾರಿಡಾರುಗಳೂ ತರುವಾಯ ಬಂದುವು. 2017ರ ಅಕ್ಟೋಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿದ ಭಾರತಮಾಲಾ ಯೋಜನೆ ತನ್ನ ಮೊದಲ ಹಂತಕ್ಕೆ 34,800 ಕಿಲೋಮೀಟರುಗಳನ್ನು ಗುರುತಿಸಿತು. ನಾಗಪುರ ಯೋಜನೆ ಹಳ್ಳಿಯಿಂದ ದೂರವನ್ನು ಅಳೆದರೆ, ಇತ್ತೀಚಿನ ಯೋಜನೆಗಳು ಬಂದರಿನಿಂದ ಕಾರ್ಖಾನೆಗೆ, ಮಹಾನಗರದಿಂದ ಮಹಾನಗರಕ್ಕೆ ಹಿಡಿಯುವ ಹೊತ್ತನ್ನು ಅಳೆಯುತ್ತವೆ. ಅಳತೆಗೋಲು ಬದಲಾದುದೇ ಮುಖ್ಯವಾದ ಪರಿವರ್ತನೆ.

ಇಂದಿನ ಚೌಕಟ್ಟು

ದೇವನಕೊಂಡ ಸೀಮೆಯನ್ನು ಈಗ ನಾಲ್ಕು ಹೆದ್ದಾರಿಗಳು ಸುತ್ತುವರಿದಿವೆ. ಪೂರ್ವಕ್ಕೆ ಹೈದರಾಬಾದಿನಿಂದ ಕರ್ನೂಲು, ಡೋಣ್, ಗುತ್ತಿಗಳ ಮೂಲಕ ಬೆಂಗಳೂರಿಗೆ ಹೋಗುವ 44ನೆಯ ರಾಷ್ಟ್ರೀಯ ಹೆದ್ದಾರಿ. 2010ರ ಮರುಸಂಖ್ಯೆಗೆ ಮೊದಲು ಇದು 7ನೆಯದಾಗಿತ್ತು. ದಕ್ಷಿಣಕ್ಕೆ ಹುಬ್ಬಳ್ಳಿ, ಹೊಸಪೇಟೆ, ಬಳ್ಳಾರಿ, ಗುಂತಕಲ್ಲು, ಗುತ್ತಿ, ಕಡಪಗಳ ಮೂಲಕ ಕೃಷ್ಣಪಟ್ಟಣದ ಬಂದರನ್ನು ಮುಟ್ಟುವ 67ನೆಯ ಹೆದ್ದಾರಿ. ಪಶ್ಚಿಮಕ್ಕೆ, ಬಳ್ಳಾರಿಯ ಪೂರ್ವದ ಹಗರಿಯ ಬಳಿ 67ರಿಂದ ಕವಲೊಡೆದು ಆಲೂರು, ಆದವಾನಿ, ಎಮ್ಮಿಗನೂರುಗಳನ್ನು ಹಾದು ರಾಯಚೂರು, ಮಹಬೂಬನಗರಗಳ ಕಡೆಗೆ ಸಾಗುವ 167ನೆಯ ಹೆದ್ದಾರಿ. ಉತ್ತರಕ್ಕೆ, ಸೂರತ್ ಮತ್ತು ಚೆನ್ನೈಗಳನ್ನು ಕೂಡಿಸಲು ಯೋಜಿಸಿದ ಕಾರಿಡಾರಿನ ಅಂಗವಾಗಿ ಸೊಲ್ಲಾಪುರದ ಕಡೆಯಿಂದ ಕಲಬುರಗಿ, ಯಾದಗಿರಿ, ರಾಯಚೂರು ಜಿಲ್ಲೆಗಳನ್ನು ದಾಟಿ ಕರ್ನೂಲಿಗೆ ಬರುವ 150ಸಿ ಸಂಖ್ಯೆಯ ಹೊಸ ಮಾರ್ಗ.

ಈ ನಾಲ್ಕರಲ್ಲಿ ಒಂದೂ ದೇವನಕೊಂಡವನ್ನು ಮುಟ್ಟುವುದಿಲ್ಲ. ನಾಲ್ಕೂ ಕೂಡಿ ಒಂದು ಚೌಕಟ್ಟನ್ನು ರಚಿಸುತ್ತವೆ. ಆ ಚೌಕಟ್ಟಿನ ಒಂದು ಮೂಲೆಯಾದ ಕರ್ನೂಲಿನಿಂದ ಎದುರು ಮೂಲೆಯಾದ ಬಳ್ಳಾರಿಗೆ ಕೋಡುಮೂರು, ದೇವನಕೊಂಡ, ಆಸ್ಪರಿ, ಆಲೂರುಗಳ ದಿಕ್ಕಿನಲ್ಲಿ ಬೀಳುವ ಕರ್ಣರೇಖೆಯ ಮೇಲೆ ಈ ಸೀಮೆಯ ಜನ ವಾಸಿಸುತ್ತಾರೆ. ಚೌಕಟ್ಟು ರಾಷ್ಟ್ರದ್ದು, ಕರ್ಣರೇಖೆ ಜಿಲ್ಲೆಯದು. ಚೌಕಟ್ಟಿಗೆ ಸಾವಿರಾರು ಕೋಟಿಯ ಲೆಕ್ಕವುಂಟು. ಕರ್ಣರೇಖೆ ವಾರ್ಷಿಕ ದುರಸ್ತಿಯ ಲೆಕ್ಕದಲ್ಲಿ ಉಳಿಯುತ್ತದೆ. ಅದರಲ್ಲೂ ಹೊಸ ಕಾರಿಡಾರಿನಂಥ ಪ್ರವೇಶನಿಯಂತ್ರಿತ ಮಾರ್ಗಕ್ಕೆ ಗೊತ್ತಾದ ಕೂಡುರಸ್ತೆಗಳಲ್ಲಿ ಹೊರತು ಬೇರೆಲ್ಲಿಯೂ ಹತ್ತಲು ಸಾಧ್ಯವಿಲ್ಲ. ಹೊಲದ ಅಂಚಿನಲ್ಲೇ ಲಾರಿಗಳು ಓಡಿದರೂ ಹೊಲದವನಿಗೆ ಅದು ನದಿಯಷ್ಟೇ ದಾಟಲಾಗದ ವಸ್ತು.

ನಗರಗಳ ಹೊರಬೆಳವಣಿಗೆ

ಉಪನಗರವೆಂದೊಡನೆ ಮಹಾನಗರದ ಬಡಾವಣೆಗಳೇ ಮನಸ್ಸಿಗೆ ಬರುವುದು ಸಹಜ. ಬೆಂಗಳೂರು ತನ್ನ ಹೊರವರ್ತುಲ ರಸ್ತೆಯನ್ನು ಲಾರಿಗಳು ಊರು ತಪ್ಪಿಸಿ ಹೋಗಲೆಂದು ಕಟ್ಟಿತು; ಕೆಲವೇ ವರ್ಷಗಳಲ್ಲಿ ಕಚೇರಿ, ವಸತಿ, ಅಂಗಡಿಗಳು ಅದಕ್ಕೆ ಮುತ್ತಿ, ಊರು ತಪ್ಪಿಸುವ ರಸ್ತೆಯೇ ಊರಿನ ನಡುಬೀದಿಯಾಯಿತು. ಈಗ ದಾಬಸ್‌ಪೇಟೆ, ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ಆನೇಕಲ್ಲು, ಕನಕಪುರ, ರಾಮನಗರ, ಮಾಗಡಿಗಳನ್ನು ಬಳಸುವ ಸುಮಾರು 280 ಕಿಲೋಮೀಟರಿನ ಉಪನಗರ ವರ್ತುಲ ಹೆದ್ದಾರಿ, ಎಂದರೆ 948ಎ, ಇನ್ನೂ ಹೊರಗೆ ಮೈದಾಳುತ್ತಿದೆ. ಹುಬ್ಬಳ್ಳಿ ಧಾರವಾಡಗಳ ಹೊರಗೆ ಎರಡೇ ಪಥಗಳಲ್ಲಿ ಕಟ್ಟಿದ ಬೈಪಾಸು ಅಪಘಾತಗಳಿಗೆ ಕುಖ್ಯಾತವಾದ ಮೇಲೆ ಅಗಲಗೊಳಿಸುವ ಕೆಲಸ ಕೈಗೆತ್ತಿಕೊಳ್ಳಬೇಕಾಯಿತು. ಇಂಗ್ಲೆಂಡಿನಲ್ಲಿ ರಸ್ತೆಯ ಉದ್ದಕ್ಕೆ ಪಟ್ಟಿಯಂತೆ ಹಬ್ಬುವ ಕಟ್ಟಡಗಳನ್ನು ತಡೆಯಲು 1935ರಷ್ಟು ಹಿಂದೆಯೇ ಶಾಸನ ಮಾಡಿದರು. ಲಂಡನ್ನಿಗೆ ವರ್ತುಲ ರಸ್ತೆಗಳನ್ನು ಸೂಚಿಸಿದ ಪ್ಯಾಟ್ರಿಕ್ ಅಬರ್ಕ್ರೋಂಬಿಯ ಮಹಾಯೋಜನೆ 1944ರದು. 1986ರಲ್ಲಿ ಪೂರ್ಣಗೊಂಡ ಎಂ25 ಎಂಬ ವರ್ತುಲಮಾರ್ಗ ಬೇಗನೆ ವಾಹನಗಳಿಂದ ತುಂಬಿಹೋಯಿತು. ಹೊಸ ರಸ್ತೆ ಇರುವ ಸಂಚಾರವನ್ನು ಹೊರುವುದಲ್ಲದೆ ಇಲ್ಲದ ಸಂಚಾರವನ್ನೂ ಹುಟ್ಟಿಸುತ್ತದೆಂಬುದು ಇವೆಲ್ಲವುಗಳಿಂದ ಸಿದ್ಧವಾದ ಮಾತು.

ಪಶ್ಚಿಮ ಕರ್ನೂಲಿನ ಬೆಳವಣಿಗೆಯ ಅಳತೆ ಬೇರೆ, ನಿಯಮ ಅದೇ. 2011ರ ಜನಗಣತಿಯಲ್ಲಿ ಆದವಾನಿಯ ಜನಸಂಖ್ಯೆ 1 ಲಕ್ಷ 66 ಸಾವಿರದಷ್ಟಿತ್ತು. ಕರ್ನೂಲು 4 ಲಕ್ಷವನ್ನು ದಾಟಿತ್ತು. ಕರ್ನೂಲಿನ ಆಗ್ನೇಯಕ್ಕೆ ಓರ್ವಕಲ್ಲಿನಲ್ಲಿ 2021ರ ಮಾರ್ಚಿನಲ್ಲಿ ವಿಮಾನನಿಲ್ದಾಣ ತೆರೆಯಿತು. 2024ರ ಆಗಸ್ಟಿನಲ್ಲಿ ಕೇಂದ್ರ ಸಂಪುಟ ಒಪ್ಪಿದ 12 ಕೈಗಾರಿಕಾ ನಗರಗಳಲ್ಲಿ ಓರ್ವಕಲ್ಲೂ ಒಂದು. ಇದರಿಂದ ನಗರದ ಸೆಳೆತ ಪೂರ್ವದ ಕಡೆಗೆ ಬಲಿಯುತ್ತಿದ್ದು, ಪಶ್ಚಿಮದ ಮಂಡಲಗಳಿಂದ ಕೆಲಸಕ್ಕೆ ಹೋಗುವವನ ಹಾದಿ ಇನ್ನಷ್ಟು ಉದ್ದವಾಗುತ್ತದೆ. ಇತ್ತ ಸಣ್ಣ ಪೇಟೆಗಳ ಹೊರವಲಯ ರಸ್ತೆಯ ಉದ್ದಕ್ಕೇ ಬೆಳೆಯುತ್ತದೆ: ಮೊದಲು ಪೆಟ್ರೋಲ್ ಬಂಕು, ಆಮೇಲೆ ಹತ್ತಿಯ ಜಿನ್ನಿಂಗ್ ಮಿಲ್ಲು, ಆಮೇಲೆ ಡಾಬಾ, ಕಲ್ಯಾಣಮಂಟಪ, ಕೊನೆಗೆ ಸುಣ್ಣದ ಗೆರೆ ಹಾಕಿ ಕಲ್ಲು ನೆಟ್ಟ ಸೈಟುಗಳು. ಊರು ಹಿಂದಕ್ಕೆ ಅಗಲವಾಗದೆ ಮುಂದಕ್ಕೆ ಉದ್ದವಾಗುವುದರಿಂದ ಪ್ರತಿಯೊಂದು ಮನೆಯ ಬಾಗಿಲೂ ಹೆದ್ದಾರಿಗೇ ತೆರೆಯುತ್ತದೆ.

ಯೋಜನಾಕ್ರಮ

ಹೆದ್ದಾರಿ ಯೋಜನೆಯ ಮೊದಲ ಮೆಟ್ಟಿಲು ಸಂಚಾರಗಣನೆ. ಬಗೆಬಗೆಯ ವಾಹನಗಳನ್ನು ಒಂದೇ ಮಾನಕ್ಕೆ ತರಲು ಇಂಡಿಯನ್ ರೋಡ್ಸ್ ಕಾಂಗ್ರೆಸ್ ಒಂದು ಕಾರನ್ನು 1 ಎಂದಿಟ್ಟುಕೊಂಡು, ಲಾರಿ ಬಸ್ಸುಗಳನ್ನು 3, ಟ್ರೇಲರಿನ ಟ್ರ್ಯಾಕ್ಟರನ್ನು 4.5, ದೊಡ್ಡ ಎತ್ತಿನ ಗಾಡಿಯನ್ನು 8 ಎಂದು ಎಣಿಸುತ್ತದೆ. ಬಯಲಿನ ಎರಡು ಪಥದ ರಸ್ತೆ ದಿನಕ್ಕೆ ಇಂಥ 15,000 ಮಾನಗಳನ್ನು ಹೊರಬಲ್ಲುದೆಂದು ಗಣನೆ. ನಿಧಾನವಾದ ವಾಹನ ಹೆಚ್ಚು ಜಾಗವನ್ನು ಹಿಡಿಯುವುದರಿಂದ, ಹತ್ತಿಯ ಸುಗ್ಗಿಯಲ್ಲಿ ಆದವಾನಿಗೆ ಹೋಗುವ ಟ್ರ್ಯಾಕ್ಟರುಗಳ ಸಾಲು ಅಷ್ಟೇ ಸಂಖ್ಯೆಯ ಕಾರುಗಳಿಗಿಂತ ನಾಲ್ಕು ಪಾಲಿಗೂ ಮೀರಿದ ಭಾರ. ಇಲ್ಲಿ ಒಂದು ಎಚ್ಚರ ಅಗತ್ಯ. ವರ್ಷದ ಯಾವುದೋ ಒಂದು ವಾರ ಎಣಿಸಿದ ಸರಾಸರಿ ಈ ಸೀಮೆಯ ಸತ್ಯವನ್ನು ಹೇಳಲಾರದು. ಹತ್ತಿಯ ಸುಗ್ಗಿ, ಟೊಮ್ಯಾಟೊ ಕೊಯ್ಲು, ಶ್ರಾವಣದ ಜಾತ್ರೆ, ಗುಳೆ ಹೊರಡುವ ಮತ್ತು ಹಿಂದಿರುಗುವ ಕಾಲ ಇವುಗಳಲ್ಲಿ ಬೇರೆಬೇರೆಯಾಗಿ ಎಣಿಸಬೇಕು. ವಾಹನ ಎಲ್ಲಿಂದ ಹೊರಟು ಎಲ್ಲಿಗೆ ಹೋಗುತ್ತಿದೆಯೆಂಬ ವಿಚಾರಣೆಯೂ ರಾಜ್ಯದ ಗಡಿಯಲ್ಲಿ ನಿಲ್ಲತಕ್ಕುದಲ್ಲ.

ಎರಡನೆಯದು ಹಾದಿಯ ಆಯ್ಕೆ. ಊರುಗಳನ್ನು ಹಾದುಹೋಗುವ ಹಳೆಯ ರಸ್ತೆಯನ್ನೇ ಅಗಲಿಸಿದರೆ ಮನೆ ಅಂಗಡಿಗಳು ಹೋಗುತ್ತವೆ. ಬೈಪಾಸು ತೆಗೆದರೆ ಹೊಲಗಳು ಹೋಗುತ್ತವೆ, ಊರಿನ ವ್ಯಾಪಾರ ಕುಂದುತ್ತದೆ, ಮತ್ತು ಹತ್ತಿಪ್ಪತ್ತು ವರ್ಷಗಳಲ್ಲಿ ಊರೇ ಬೈಪಾಸಿನ ಬಳಿಗೆ ನಡೆದುಬರುತ್ತದೆ. ಈ ನಡೆದುಬರುವಿಕೆಯನ್ನು ತಡೆಯಲು ಬಯಲಿನ ಹೆದ್ದಾರಿಗಳಿಗೆ ರಸ್ತೆಯ ಎರಡು ಬದಿಯ ಕಟ್ಟಡಗಳ ನಡುವೆ 80 ಮೀಟರ್ ಅಂತರವನ್ನೂ ನಿಯಂತ್ರಣದ ಗೆರೆಗಳ ನಡುವೆ 150 ಮೀಟರ್ ಅಂತರವನ್ನೂ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಬಹುಹಿಂದೆಯೇ ಗೊತ್ತುಮಾಡಿದೆ. ಗೆರೆಗಳು ಕಾಗದದ ಮೇಲೆ ಇವೆ. ನೆಲದ ಮೇಲೆ ಅವುಗಳನ್ನು ಕಾಯತಕ್ಕವರು ಪಂಚಾಯಿತಿಯೋ ಪುರಸಭೆಯೋ ಹೆದ್ದಾರಿ ಇಲಾಖೆಯೋ ಎಂಬ ಗೊಂದಲದಲ್ಲಿ ಸೈಟುಗಳು ಮಾರಾಟವಾಗಿಬಿಡುತ್ತವೆ.

ಮೂರನೆಯದು ಭೂಸ್ವಾಧೀನ. ರಾಷ್ಟ್ರೀಯ ಹೆದ್ದಾರಿ ಅಧಿನಿಯಮದ 3ಎ ಪ್ರಕರಣದ ಪ್ರಕಾರ ಉದ್ದೇಶದ ಪ್ರಕಟಣೆ, 3ಡಿ ಪ್ರಕಾರ ಭೂಮಿ ಸರಕಾರದಲ್ಲಿ ನೆಲೆಗೊಳ್ಳುವಿಕೆ, 3ಜಿ ಪ್ರಕಾರ ಪರಿಹಾರದ ನಿರ್ಣಯ ನಡೆಯುತ್ತವೆ. 2013ರ ಭೂಸ್ವಾಧೀನ ಶಾಸನದ ಪರಿಹಾರಕ್ರಮ 2015ರ ಜನವರಿ 1ರಿಂದ ಹೆದ್ದಾರಿಗಳಿಗೂ ಅನ್ವಯಿಸಿ, ಗ್ರಾಮಾಂತರ ಭೂಮಿಗೆ ಮಾರುಕಟ್ಟೆ ಬೆಲೆಯನ್ನು 1ರಿಂದ 2ರ ವರೆಗಿನ ಗುಣಕದಿಂದ ಗುಣಿಸಿ ಅದರ ಮೇಲೆ ಶೇಕಡ 100ರಷ್ಟು ಸಾಂತ್ವನಧನವನ್ನು ಸೇರಿಸಬೇಕೆಂದು ವಿಧಿಸಿದೆ. ವಿಧಿ ಉದಾರವಾದುದೇ, ಆದರೆ ಮಳೆಯಾಧಾರದ ಹೊಲದ ನೋಂದಣಿಬೆಲೆ ಮೂಲದಲ್ಲೇ ಅತ್ಯಲ್ಪವಾದಾಗ ಗುಣಾಕಾರದ ಫಲವೂ ಅಲ್ಪ. ಇದಕ್ಕೆ ಮೇಲಾಗಿ, ಹೊಲದ ಒಡೆಯನಿಗೆ ಹಣ ಸಿಕ್ಕರೂ ಅದೇ ಹೊಲದಲ್ಲಿ ಕೋರಿಗೆ ದುಡಿಯುತ್ತಿದ್ದವನಿಗೂ ಕಳೆ ತೆಗೆಯುತ್ತಿದ್ದವಳಿಗೂ ಆ ಲೆಕ್ಕದಲ್ಲಿ ಬಹುಮಟ್ಟಿಗೆ ಸ್ಥಳವಿಲ್ಲ. ಏರಿ ಎತ್ತರಿಸಿದ ಹೆದ್ದಾರಿ ಮಳೆಯ ನೀರಿನ ಹಾದಿಯನ್ನು ತಿರುಗಿಸಿದರೆ ಒಂದು ಬದಿಯ ಹೊಲ ಕೆರೆಯಾಗಿ, ಇನ್ನೊಂದು ಬದಿಯ ಕೆರೆ ಹೊಲವಾಗುವ ಅಪಾಯವೂ ಉಂಟು. ಸಣ್ಣ ಮೋರಿಗಳ ಸ್ಥಾನವನ್ನು ಊರಿನ ಹಿರಿಯರನ್ನು ಕೇಳಿ ಗೊತ್ತುಮಾಡುವುದು ಆದುದರಿಂದ ಉಪಚಾರದ ಮಾತಲ್ಲ, ಯೋಜನೆಯ ಅಂಗ.

ಸಮೀಕ್ಷೆ

ಪ್ರಾದೇಶಿಕ ಹೆದ್ದಾರಿ ತಾನು ಕೂಡಿಸುವ ಎರಡು ತುದಿಗಳಿಂದ ಹೆಸರು ಪಡೆಯುತ್ತದೆ, ಆದರೆ ನಡುವೆ ಎಲ್ಲೆಲ್ಲಿ ತೆರೆಯುತ್ತದೆಂಬುದರಿಂದ ಅದರ ಪ್ರಯೋಜನ ತೀರ್ಮಾನವಾಗುತ್ತದೆ. ದೇವನಕೊಂಡ ಸೀಮೆಯಲ್ಲಿ ಹೊಸ ಕಾರಿಡಾರನ್ನು ಇನ್ನೊಂದು ಅಂಚಿನಲ್ಲಿ ಎಳೆಯುವುದಕ್ಕಿಂತ, ಇರುವ ನಾಲ್ಕು ಅಂಚುಗಳಿಗೆ ಒಳಗಿನ ಊರುಗಳನ್ನು ಮುಟ್ಟಿಸುವ ಕರ್ಣಮಾರ್ಗವನ್ನು ಎರಡು ಪಥಗಳಲ್ಲಿಯೇ ಆಗಲಿ ಗಟ್ಟಿಯಾಗಿ ಕಟ್ಟುವುದು, ಅದರ ಕೂಡುಗಳಲ್ಲಿ ಮಾರುಕಟ್ಟೆ, ಶೈತ್ಯಾಗಾರ, ಬಸ್ ನಿಲ್ದಾಣಗಳಿಗೆ ಮೊದಲೇ ನೆಲವನ್ನು ಕಾದಿರಿಸುವುದು, ಪೇಟೆಗಳ ಬೆಳವಣಿಗೆಯನ್ನು ಹೆದ್ದಾರಿಯ ಮುಖದಿಂದ ಹಿಂದಿನ ಬೀದಿಗಳಿಗೆ ತಿರುಗಿಸುವುದು, ಗಡಿಯ ಎರಡು ಕಡೆಯ ಇಲಾಖೆಗಳು ಒಂದೇ ನಕ್ಷೆಯ ಮೇಲೆ ಕೆಲಸ ಮಾಡುವುದು ಹೆಚ್ಚು ಫಲಕಾರಿ. ದಂಡಿಗಾಗಿ ಕಟ್ಟಿದ ದಾರಿ ದಂಡು ಹೋದೊಡನೆ ಹಾಳಾಯಿತು. ರೈಲಿಗೆಂದು ಕಟ್ಟಿದ ದಾರಿ ರೈಲಿನೊಡನೆ ಉಳಿಯಿತು. ಪೇಟೆಗೆಂದು ಕಟ್ಟುವ ದಾರಿಗೆ ಪತ್ತಿಕೊಂಡದ ಟೊಮ್ಯಾಟೊ ಬುಟ್ಟಿಯೇ ಪರೀಕ್ಷೆ. ಬೆಲೆ ಬಿದ್ದ ದಿನ ಅದು ರಸ್ತೆಯ ಬದಿಗೆ ಚೆಲ್ಲದೆ, ಸಂಜೆಯೊಳಗೆ ಬಳ್ಳಾರಿಯನ್ನೋ ಕರ್ನೂಲನ್ನೋ ಮುಟ್ಟಿದರೆ ಹೆದ್ದಾರಿ ಸಫಲವಾಯಿತೆಂದು ತಿಳಿಯಬಹುದು.